ದಾಡಿ ಗೂಡಿನ ಕಾಗದ

ಕುಡಿಯುವ ನೀರಿಗೆ ನಳದ ಮುಂದೆ ಕೊಡ ಸಾಲಿಗಿಡುವ, ವಿಜಾಪುರ ಕಡೆಯ ಇಂಡಿಯಲ್ಲಿ ಕೂತು ನಮ್ಮ ಅಪ್ಪ ಸಮುದ್ರದ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ನಮ್ಮ ಹಿತ್ತಲ ಬಾವಿಯ ನೀರು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ತಾಯಿ ಆ ನೀರನ್ನು ಬಾಯಿಗೆ ಹಾಕಿಕೊಂಡು, "ಉಪ್ಪೊಂದು ನನ್ನ ಹಿಂದೆ ಇಲ್ಲಿಯವರೆಗೂ ಬಂತು, ಸಮುದ್ರ ಬರಲಿಲ್ಲ" ಅಂದಿದ್ದಳಂತೆ. ಅಪ್ಪ ಈ ಮಾತನ್ನು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಬಂದವರೂ ನಗುತ್ತಿದ್ದರು. ಅದು ನಗುವ ಮಾತಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಅಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಮೊದಲ ನೌಕರಿ ಕುಮಟೆಯ ಕಡೆ ಸಿಕ್ಕಿ, ಅಘನಾಶಿನಿ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಮೂರು ವರ್ಷ ಇದ್ದರು. ಅಲ್ಲಿ ಬಾಡಿಗೆಗೆ ಹಿಡಿದ ಕೋಣೆ ನನ್ನ ತಾಯಿಯ ತವರಿನದು. ನಮ್ಮ ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ತಾಯಿಗೆ 'ಆಯಿ' ಅನ್ನುವ ರೂಢಿ. ಅವರ ಮನೆಯಲ್ಲಿ ಕೊಂಕಣಿ. ಎರಡೂ ಮನೆಯವರು ವೈಷ್ಣವರೇ, ಎರಡೂ ಮನೆಯ ದೇವರು ವೆಂಕಟರಮಣನೇ. ಆದರೆ ಅವರ ಒಲೆಯ ಮೇಲೆ ಮೀನು ಬೇಯುತ್ತಿತ್ತು. ಜಗಳಕ್ಕೆ ಅಷ್ಟು ಸಾಕಾಯಿತು. ಎರಡೂ ಕಡೆಯವರು ಬೇಡವೆಂದರೂ ಮದುವೆಯಾಯಿತು. ಹೊರಡುವಾಗ ಆಯಿಯ ಅಪ್ಪ ಅಳಿಯನಿಗೆ, "ನಮ್ಮ ನಾಡಿನ ಬಗ್ಗೆ, ಜನರ ಬಗ್ಗೆ ನಿಮಗೆ ಎಂಥ ಗೊತ್ತುಂಟು ಅಂತ ಹುಡುಗಿಯನ್ನು ಕರಕೊಂಡು ಹೊರಟಿರಿ?" ಅಂದರಂತೆ. ಆ ಮಾತು ಅಪ್ಪನಿಗೆ ನಾಟಿತು. ಅವರ ಜಿಲ್ಲೆಯ ಭೂಗೋಳ, ಇತಿಹಾಸ, ಜನ ಮೂರನ್ನೂ ಕುರಿತು ಪುಸ್ತಕ ಬರೆದು, ಅದನ್ನು ಕೈಯಲ್ಲಿ ಹಿಡಿದೇ ಆ ಹೊಸ್ತಿಲು ತುಳಿಯುತ್ತೇನೆಂದು ಹಟ ಹಿಡಿದರು. ಮಾವ ತೀರಿಕೊಂಡರು, ಹಟ ತೀರಲಿಲ್ಲ. ಆಗ ನಾನು ಹೊಟ್ಟೆಯಲ್ಲಿದ್ದೆನೆಂದು ಆಯಿಯನ್ನು ಕಳಿಸಲಿಲ್ಲ. ಬಾಣಂತನವೂ ಇಂಡಿಯಲ್ಲೇ ಆಯಿತು. ಹಟ ಹಿಡಿದವರು ಅಪ್ಪ, ತವರು ಬಿಟ್ಟು ಕೂತವಳು ಆಯಿ. ಹದಿಮೂರು ವರ್ಷ.

ನಮ್ಮದು ಕರಿಕಲ್ಲಿನ ಮನೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲೂ ಒಳಗೆ ತಂಪು, ಹಗಲಿನಲ್ಲೂ ಒಳಗೆ ಕತ್ತಲು. ಬೆಳಕು ಬರುವುದು ನೆತ್ತಿಯ ಮೇಲಿನ ಬೆಳಕಿಂಡಿಯಿಂದ ಮಾತ್ರ. ಅಡಿಗೆಮನೆಗಳು ಎರಡು. ಒಳಗಿನದು ಅಜ್ಜಿಯದು, ದೇವರ ಕೋಣೆಗೆ ಅಂಟಿಕೊಂಡದ್ದು. ಅಜ್ಜಿ ಅಂದರೆ ಅಪ್ಪನ ತಾಯಿ, ಬೆಳಗಿನಿಂದ ಊಟದವರೆಗೆ ಮಡಿಯಲ್ಲಿರುವ ವಿಧವೆ. ಆ ಹೊತ್ತಿನಲ್ಲಿ ಯಾರೂ ಅವಳನ್ನು ಮುಟ್ಟುವಂತಿಲ್ಲ, ಆಯಿಯಂತೂ ಆ ಅಡಿಗೆಮನೆಯ ಹೊಸ್ತಿಲನ್ನೇ ದಾಟುವಂತಿಲ್ಲ. ಮದುವೆಯ ದಿನದಿಂದ ಆಯಿ ಮೀನು ಬಿಟ್ಟಿದ್ದಳು, ಆದರೂ ಅವಳು ಮಾಡಿದ ಅನ್ನ ದೇವರಿಗೆ ನಡೆಯುತ್ತಿರಲಿಲ್ಲ. ಅವಳ ಒಲೆ ಹಿತ್ತಲ ಬಾಗಿಲ ಪಕ್ಕ, ಹೊರಚಾಚಿದ ಸೂರಿನ ಕೆಳಗೆ. ಅಲ್ಲಿ ಅವಳು ನಮಗೆಲ್ಲ ಭಕ್ಕರಿ ತಟ್ಟುತ್ತಿದ್ದಳು. ಜೋಳದ ಹಿಟ್ಟು ಅವಳ ಕೈಗೆ ಬೇಗ ಒಗ್ಗಿತು ಅನ್ನುತ್ತಾರೆ. ಒಗ್ಗದೆ ಏನು ಮಾಡಬೇಕಿತ್ತು? ಹಬ್ಬದ ದಿನ ನಾವು ಒಳಗೆ ಎಲೆಯ ಮುಂದೆ ಕೂತರೆ ಅಜ್ಜಿ ಬಡಿಸುತ್ತಿದ್ದಳು, ಆಯಿ ಹೊಸ್ತಿಲ ಆಚೆ ನಿಂತು ಯಾರಿಗೆ ಏನು ಬೇಕೆಂದು ನೋಡುತ್ತಿದ್ದಳು. ತನ್ನ ಮನೆಯಲ್ಲೇ ಬೀಗರಂತೆ ನಿಂತ ಆ ಹೆಂಗಸನ್ನು ನೋಡುತ್ತ ನಾನು ತುಪ್ಪ ಹಾಕಿಸಿಕೊಂಡು ಉಣ್ಣುತ್ತಿದ್ದೆ. ನನಗೆ ಆಗ ಏನೂ ಅನ್ನಿಸುತ್ತಿರಲಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಪ್ಪನ ನೌಕರಿ ಸಿಂದಗಿ, ಮುದ್ದೇಬಿಹಾಳ ತಿರುಗಿ, ನಾವಿದ್ದ ಇಂಡಿಗೇ ಬರುವಷ್ಟರಲ್ಲಿ ಪುಸ್ತಕ ಮೂರು ದಪ್ಪ ನೋಟುಬುಕ್ಕುಗಳಾಗಿತ್ತು. ಒಂದನೆಯದು ಭೂಗೋಳ, ಎರಡನೆಯದು ಇತಿಹಾಸ, ಮೂರನೆಯದು ಜನ. ಮೊದಲಿನ ಎರಡನ್ನು ಅಪ್ಪ ನಕಾಶೆ ನೋಡಿ, ಲೈಬ್ರರಿಯ ಪುಸ್ತಕ ನೋಡಿ ತುಂಬಿಸಿದ್ದರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಬಡಗಿನಿಂದ ತೆಂಕಿಗೆ ನದಿಗಳ ಹೆಸರನ್ನು ನನ್ನಿಂದ ಬಾಯಿಪಾಠ ಮಾಡಿಸಿದ್ದರು. ಹಿಂದೆ ನಮ್ಮ ಬಯಲುಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿತ್ತು ಎಂಬ ಭಾಗ ಅವರಿಗೆ ಬಹಳ ಇಷ್ಟ. "ನಮ್ಮ ಹತ್ತಿ ಅಲ್ಲಿಗೆ ಹೋತು, ಅಲ್ಲಿ ಹೆಣ್ಣು ಇಲ್ಲಿಗೆ ಬಂತು" ಎಂದು ಆಯಿಯನ್ನು ಚೇಷ್ಟೆ ಮಾಡುತ್ತಿದ್ದರು. ಮೂರನೆಯ ನೋಟುಬುಕ್ಕಿಗೆ ಮಾತ್ರ ಯಾವ ಲೈಬ್ರರಿಯೂ ಸಾಲದು, ಆಯಿಯೇ ಬೇಕು. ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತು ಕೇಳುವುದು, ಆಯಿ ನೆಲದ ಮೇಲೆ ಕಾಳು ಹಸನು ಮಾಡುತ್ತ ಹೇಳುವುದು, ನಾನು ಬರೆಯುವುದು. ಅಪ್ಪನ ಅಕ್ಷರ ಅಪ್ಪನಿಗೇ ಓದಲು ಬರುತ್ತಿರಲಿಲ್ಲ. ನನ್ನದು ಮುತ್ತಿನಂಥ ಅಕ್ಷರವೆಂದು ಹೇಳಿ ಹತ್ತು ವರ್ಷಕ್ಕೇ ನನ್ನನ್ನು ಆ ಕೆಲಸಕ್ಕೆ ಕೂಡಿಸಿದ್ದರು.

ಆ ಒಂದು ತಾಸು ಆಯಿ ಬೇರೆಯೇ ಹೆಂಗಸಾಗುತ್ತಿದ್ದಳು. ಉಪ್ಪಿನ ಆಗರದಲ್ಲಿ ಹೆಂಗಸರು ಉಪ್ಪನ್ನು ಹೇಗೆ ಎಳೆದು ರಾಶಿ ಮಾಡುತ್ತಾರೆ, ಗಜನಿ ಗದ್ದೆ ಅಂದರೇನು, ಅದರ ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ ಎಷ್ಟು ಎತ್ತರ ಬರುತ್ತದೆ, ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುವವರ ಕೈ ಹೇಗೆ ಕೊಯ್ದುಹೋಗಿರುತ್ತದೆ, ಎಲ್ಲವನ್ನೂ ಹೇಳುವಳು. ಮಳೆಗಾಲದಲ್ಲಿ ದೋಣಿಗಳನ್ನು ದಂಡೆಗೆ ಎಳೆದು ತೆಂಗಿನ ಗರಿ ಮುಚ್ಚಿಡುತ್ತಾರೆ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗಿಳಿಯುತ್ತಾರೆ. ಹಾಲಕ್ಕಿ ಗೌಡರ ಗಂಡಸರು ತಲೆಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುವುದು ಹೋಳಿ ಹುಣ್ಣಿಮೆಗೆ. ಹೇಳುತ್ತ ಹೇಳುತ್ತ ಅವಳ ಕೈ ಮೊರದಲ್ಲಿ ನಿಂತುಬಿಡುವುದು. ಒಳಗಿನಿಂದ ಅಜ್ಜಿಯ ದನಿ ಬರುವುದು.

"ಸಾಕು ಮಾಡ್ರಿನ್ನ. ಮೀನಿನ ಮಾತು ದೇವರ ಕೋಣೀತನಕ ಬರ್ಲಿಕ್ಕತ್ತದ."

ಆಯಿ ದನಿ ಇಳಿಸುವಳು. ಪ್ರತಿ ಸಲ ಏಳುವ ಮುಂಚೆ ಒಂದೇ ಪ್ರಶ್ನೆ ಕೇಳುವಳು.

"ರೀ, ಪುಸ್ತಕ ಯಾವಾಗ ಮುಗೀತದ?"

"ಭೂಗೋಳ ಮುಗೀತು, ಇತಿಹಾಸ ಮುಗೀತು. ಜನ ಮುಗೀಲಿ, ಮರುದಿನಾನೇ ಹೊರಡೋಣ."

ಆ ವರ್ಷ ಶ್ರಾವಣದಲ್ಲಿ ಆಯಿಯ ಅಣ್ಣ ದಾಮೋದರ ಮಾಮಾನ ಕಾಗದ ಬಂತು. ಅಮ್ಮನಿಗೆ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಾಳೆ, ಒಮ್ಮೆ ಬಂದು ಹೋಗು ಎಂದು ಬರೆದಿದ್ದ. ಆಯಿ ಅದನ್ನು ಅಪ್ಪನ ಮುಂದೆ ಇಟ್ಟಳು. ಅಪ್ಪ ಎರಡು ಸಲ ಓದಿ, ದಸರೆಯ ಸೂಟಿಯಲ್ಲಿ ಹೋಗೋಣ, ಅಷ್ಟರಲ್ಲಿ ಪುಸ್ತಕ ಮುಗಿಯುತ್ತದೆ ಎಂದರು. ಅಂದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗ ಕೇಳುವುದು ಸುಲಭ. ಅಂದು ಆಯಿಗೆ ಅಷ್ಟೇ ದೊಡ್ಡದಾಗಿ ಕಂಡಿತು. ದಸರೆ ಎಂಬ ಒಂದು ದಿನ ಅವಳ ಕೈಗೆ ಸಿಕ್ಕಿತ್ತು. ಅವಳು ತಯಾರಿಗೆ ನಿಂತಳು. ನಮ್ಮ ಕಡೆಯ ಲಿಂಬೆಹಣ್ಣು ಆರಿಸಿ ಆರಿಸಿ ಉಪ್ಪಿನಕಾಯಿ ಹಾಕಿದಳು. ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದಳು. ಹಲ್ಲಿಲ್ಲದ ತಾಯಿಗೆಂದು ಅದನ್ನು ಎರಡೆರಡು ಸಲ ಕುಟ್ಟಿ ಜರಡಿ ಹಿಡಿದಳು. ನನಗೆ, "ನಿನ್ನ ಅಜ್ಜಿ ನಿನ್ನ ಮುಖ ನೋಡ್ಲೇ ಇಲ್ಲ. ಮೂಗು ಅವಳದ್ದೇ ಉಂಟು ನಿಂಗೆ" ಎಂದು ತನ್ನ ಕಡೆಯ ಮಾತಿನಲ್ಲೇ ಹೇಳಿ ಕೆನ್ನೆ ಹಿಂಡಿದಳು.

ಮಹಾಲಯ ಅಮಾವಾಸ್ಯೆಯ ದಿನ. ಮರುದಿನ ನಮ್ಮ ಮನೆಯಲ್ಲಿ ಘಟ್ಟ ಕೂಡುವುದು, ಅಂದರೆ ದೇವರ ಮುಂದೆ ಕಲಶ ಇಟ್ಟು ಒಂಬತ್ತು ದಿನ ಆರದಂತೆ ದೀಪ ಉರಿಸುವುದು. ನಾನು ಕಟ್ಟೆಯ ಮೇಲೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದೆ. ಟಪಾಲಿನ ಇಮಾಮಸಾಬ ಮಾಮಾ ಸೈಕಲ್ ನಿಲ್ಲಿಸಿದ. ಬೇರೆ ದಿನ ನೆಟ್ಟಗೆ ಕಟ್ಟೆ ಹತ್ತಿ ಬಂದು ನೀರು ಕೇಳುವವನು ಅಂದು ಬೀದಿಯಲ್ಲೇ ನಿಂತ.

"ತಂಗೀ, ಅಪ್ಪಾರ ಅದಾರೇನು? ಕಾಗದ ಬಂದೈತಿ. ಮೂಲಿ ಹರದೈತಿ ನೋಡವಾ. ನೀ ಮುಟ್ಟಬ್ಯಾಡ, ಅಪ್ಪಾರನ್ನ ಹೊರಗ ಕರಿ."

ನೀಲಿ ಇನ್‌ಲ್ಯಾಂಡ್ ಕಾಗದ. ಒಂದು ಮೂಲೆ ಹರಿದಿತ್ತು, ಮೇಲೆ ದಾಮೋದರ ಮಾಮಾನ ಅಕ್ಷರ. ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುತ್ತಾರೆ, ಅದನ್ನು ಮನೆಯೊಳಗೆ ಒಯ್ಯುವುದಿಲ್ಲ, ಹೊರಗೇ ಓದಿ ಹರಿದು ಹಾಕಿ ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರುತ್ತಾರೆ ಎಂಬುದು ಹನ್ನೆರಡು ವರ್ಷದ ನನಗೂ ಗೊತ್ತಿತ್ತು. ಅಪ್ಪ ಹೊರಗೆ ಬಂದರು. ಕಾಗದವನ್ನು ನೋಡಿದರು. ಒಡೆಯಲು ಬೆರಳು ಹಾಕಿದರು. ಆಗ ಬಾಗಿಲಲ್ಲಿ ಅಜ್ಜಿ ಬಂದು ನಿಂತಳು.

"ಒಡೀಬ್ಯಾಡ."

"ಅವ್ವಾ, ಇದು ಸುಮತಿ ತವರಮನೀದು."

"ಯಾರ ಮನೀದರೇ ಇರ್ಲಿ. ಓದಿದಿ ಅಂದ್ರ ಆಕೀಗೆ ಮೂರು ದಿನ ಸೂತಕ, ಅಳಿಯ ಅಂತ ನಿನಗೂ ಮೈಲಿಗಿ. ನಾಳೆ ಘಟ್ಟ ಯಾರು ಕೂಡಸ್ತಾರ? ನಿಮ್ಮಪ್ಪ ಹೋದ ವರ್ಷ ಒಂದs ತಪ್ಪಿದ್ದು. ಮತ್ತ ಈ ಮನೀ ದೀಪ ತಪ್ಪಿಸ್ತೀಯೇನು? ಸೂತಕ ಕಿವಿಗೆ ಬಿದ್ದ ಮ್ಯಾಲೆ. ಬೀಳೋತನಕ ಏನೂ ಇಲ್ಲ."

ಅಪ್ಪ ಓದಿದವರು. ಭೂಮಿ ಗುಂಡಗಿದೆ ಎಂದು ನೂರಾರು ಮಕ್ಕಳಿಗೆ ಕಲಿಸಿದವರು. ಅವರು ಏನಾದರೂ ಅನ್ನುತ್ತಾರೆಂದು ನಾನು ಬತ್ತಿ ಕೈಯಲ್ಲಿ ಹಿಡಿದು ಕಾದೆ. ಅವರು ಕಾಗದವನ್ನು ಒಡೆಯಲಿಲ್ಲ. ಕಟ್ಟೆಯ ಪಕ್ಕದ ಹೊರಗೋಡೆಯಲ್ಲಿ ಆಳೆತ್ತರಕ್ಕೆ ಒಂದು ಗೂಡು ಇತ್ತು. ಅವರ ದಾಡಿಯ ಸಾಮಾನು, ಕನ್ನಡಿ, ಬ್ರಶ್ಶು ಇರುವುದು ಅಲ್ಲಿ. ಘಟ್ಟ ಕೂತ ಮೇಲೆ ಒಂಬತ್ತು ದಿನ ದಾಡಿ ಮಾಡಿಕೊಳ್ಳುವ ಹಾಗಿಲ್ಲ, ಆದ್ದರಿಂದ ಆ ಗೂಡಿಗೆ ಯಾರೂ ಕೈ ಹಾಕುವುದಿಲ್ಲ. ಕಾಗದವನ್ನು ಅದರಲ್ಲಿಟ್ಟು ಮೇಲೆ ಸೋಪಿನ ಡಬ್ಬಿ ಹೇರಿದರು. ಆಮೇಲೆ ಕೈ ತೊಳೆದುಕೊಂಡು ನನ್ನ ಕಡೆ ತಿರುಗಿದರು.

"ಪದ್ಮಾ, ಯಾವ ಕಾಗದಾನೂ ಬಂದಿಲ್ಲ. ತಿಳೀತಿಲ್ಲೋ?"

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ.

"ಬಾಯಿ ಬಿಟ್ಟಿ ಅಂದ್ರ ದೀಪ ಆರ್ತದ ನೋಡು. ಆ ಪಾಪ ನಿನ್ನ ತಲೀಗೆ."

ಆಯಿ ಆಗ ಹಿತ್ತಲಲ್ಲಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟುತ್ತಿದ್ದಳು.

ಒಂಬತ್ತು ದಿನ. ಬೆಳಿಗ್ಗೆ ಎದ್ದ ಕೂಡಲೇ ಆಯಿ ಕಟ್ಟೆಯ ಮುಂದೆ ಸಾರಿಸಿ ರಂಗೋಲಿ ಹಾಕುವಳು. ಅವಳ ನೆತ್ತಿಯಿಂದ ಮೂರು ಮೊಳ ಮೇಲೆ ಅವಳ ತಾಯಿಯ ಸಾವು ಸೋಪಿನ ಡಬ್ಬಿಯ ಕೆಳಗೆ ಕೂತಿತ್ತು. ಅದು ಅಪ್ಪನಿಗೆ ಗೊತ್ತು, ಅಜ್ಜಿಗೆ ಗೊತ್ತು, ನನಗೆ ಗೊತ್ತು. ಓದದ ಕಾರಣ ಯಾರಿಗೂ ಗೊತ್ತಿಲ್ಲ. ದಿನಕ್ಕೊಂದರಂತೆ ಘಟ್ಟದ ಮೇಲೆ ಹೂವಿನ ಮಾಲೆ ಏರುತ್ತಿತ್ತು. ಮಾಲೆ ಕಟ್ಟುವವಳು ಆಯಿ, ಅದನ್ನು ಹೊಸ್ತಿಲ ಈಚೆಯಿಂದ ಕೈಗೆ ಕೊಡುವವಳು ನಾನು, ಏರಿಸುವವರು ಅಪ್ಪ. ಎಂಟು ದಿನದ ಗಡ್ಡ ಬಿಟ್ಟುಕೊಂಡು, ಮಡಿ ಪಂಚೆ ಉಟ್ಟು ಅವರು ಮಂತ್ರ ಹೇಳುವಾಗ ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ. ಭಾನುವಾರ ಬಂದಾಗ ಅಪ್ಪ ಮೂರನೆಯ ನೋಟುಬುಕ್ಕು ತೆಗೆಯಲಿಲ್ಲ. ಆಯಿಯೇ ತಂದು ಅವರ ಮುಂದಿಟ್ಟಳು.

"ಇನ್ನ ನಾಲ್ಕು ಹಾಳಿ ಉಳದಾವ. ಮುಗಿಸಿಬಿಡ್ರಿ. ನಮ್ಮ ಅಮ್ಮನಿಗೆ ಓದಿ ತೋರಸ್ತೀನಿ."

ಅಪ್ಪ ತಲೆನೋವೆಂದು ಎದ್ದು ಹೋದರು. ನಾನೂ ಎದ್ದು ಹೋದೆ. ಹಿತ್ತಲಿಗೆ ಹೋಗಿ ಲಿಂಬೆಯ ಗಿಡದ ಕೆಳಗೆ ಕೂತು, ಹೇಳಿಬಿಡುತ್ತೇನೆ ಎಂದು ಎದ್ದು, ದೀಪ ಆರಿದರೆ ಎಂದು ಕೂತು, ಮತ್ತೆ ಎದ್ದು, ಹೀಗೆ ಮಧ್ಯಾಹ್ನ ಕಳೆಯಿತು. ಹೇಳಲಿಲ್ಲ. ನಾನು ಹೆದರಿದ್ದು ದೀಪಕ್ಕೋ ಅಪ್ಪನಿಗೋ ಎಂದು ಯಾರಾದರೂ ಕೇಳಿದರೆ ಇಂದಿಗೂ ನೆಟ್ಟಗೆ ಉತ್ತರ ಕೊಡಲಾರೆ. ಜಾಣ ಹುಡುಗಿ ಅನ್ನಿಸಿಕೊಳ್ಳುವ ಚಟವೂ ಇತ್ತು ನನಗೆ, ಅದನ್ನೂ ಹೇಳಿಬಿಡುತ್ತೇನೆ.

ದಶಮಿಯ ದಿನ ಘಟ್ಟ ಎತ್ತಿದರು. ಬನ್ನಿ ಕೊಟ್ಟು ತೆಗೆದುಕೊಂಡದ್ದಾಯಿತು, ಊಟವಾಯಿತು. ಅಪ್ಪ ದಾಡಿ ಮಾಡಿಕೊಳ್ಳಲೆಂದು ಕಟ್ಟೆಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು.

"ಸುಮತೀ, ಸ್ವಲ್ಪ ಹೊರಗ ಬಾ. ಕಾಗದ ಬಂದದ."

ಆಯಿ ಕೈ ಒರೆಸಿಕೊಳ್ಳುತ್ತ ಹೋದಳು. ಒಡೆದ ಕಾಗದವನ್ನು ಅಪ್ಪ ಕಟ್ಟೆಯ ಮೇಲಿಟ್ಟು ದೂರ ಸರಿದರು. ಆಯಿ ಬಗ್ಗಿ ಎತ್ತಿಕೊಂಡಳು, ಓದಿದಳು. ಕಾಗದದಲ್ಲಿದ್ದದ್ದು ಮೂರೇ ಸಾಲು. ಅಮ್ಮ ಹೋದಳು, ಕಡೆಗೆ ನಿನ್ನ ಹೆಸರು ಹಿಡಿದಳು, ಹನ್ನೆರಡನೆಯ ದಿನಕ್ಕಾದರೂ ಬಾ. ಕೆಳಗೆ ತಾರೀಖು. ಆಯಿ ಬೆರಳು ಮಡಿಚಿ ಎಣಿಸಿದಳು. ಹನ್ನೆರಡನೆಯ ದಿನ ಹೋಗಿ ನಾಲ್ಕು ದಿನವಾಗಿತ್ತು. ಇಂಡಿಯಿಂದ ವಿಜಾಪುರ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದರೆ ಕುಮಟೆ, ಎರಡು ದಿನಕ್ಕಿಂತ ಹೆಚ್ಚಿನ ದಾರಿಯಲ್ಲ. ಅಮಾವಾಸ್ಯೆಗೆ ಹೊರಟಿದ್ದರೆ ನಿರಾಳವಾಗಿ ಮುಟ್ಟುತ್ತಿದ್ದಳು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದರ ಮೇಲೆ ಸೋಪಿನ ಡಬ್ಬಿಯ ದುಂಡನೆಯ ಕಲೆ ಕೂತಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿದಳು, ತಲೆ ಎತ್ತಿ ಗೂಡನ್ನು ನೋಡಿದಳು, ಅಪ್ಪನನ್ನು ನೋಡಲಿಲ್ಲ. ಬಾಗಿಲಿಗೆ ಆತುಕೊಂಡು ನಿಂತ ನನ್ನನ್ನು ನೋಡಿದಳು.

"ಪದ್ಮಾ, ನಿನಗ ಗೊತ್ತಿತ್ತೇನು?"

"ಇಲ್ಲ."

ಆ ಒಂದು ಮಾತನ್ನು ಅಷ್ಟು ಬೇಗ ಹೇಗೆ ಹೇಳಿದೆನೋ. ಆಯಿ ಬಚ್ಚಲಿಗೆ ಹೋಗಿ ಬಾವಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ಕೊಡದ ಮೇಲೆ ಕೊಡ ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಅಳುವುದು ಕೇಳಲಿಲ್ಲ.

ಮೂರು ದಿನ ಕಳೆದ ಮೇಲೆ ನಮ್ಮ ಮನೆಯ ಪೂಜೆ ಪುನಸ್ಕಾರ ನೋಡಿಕೊಳ್ಳುವ ಆಚಾರ್ಯರು ಬಂದರು. ಅಜ್ಜಿಯೇ ಒಂದು ಬಗೆಯ ಹೆಮ್ಮೆಯಿಂದ ನಡೆದದ್ದನ್ನು ಹೇಳಿದಳು, ದೀಪ ತಪ್ಪದಂತೆ ಹೇಗೆ ಕಾಪಾಡಿದೆವು ನೋಡ್ರಿ ಎಂಬ ಧಾಟಿಯಲ್ಲಿ. ಆಚಾರ್ಯರು ಕಾಫಿಯ ಲೋಟ ಕೆಳಗಿಟ್ಟರು.

"ನನಗ ಒಂದು ಮಾತು ಕೇಳಬಾರದಾಗಿತ್ತೇನ್ರಿ? ಸೂತಕ ಕಳಕೊಂಡು ಐದನೇ ದಿನಕ್ಕ ಘಟ್ಟ ಕೂಡಸಲಿಕ್ಕೆ ಬರ್ತದ. ಪಂಚರಾತ್ರ ಅಂತ ಎಷ್ಟೋ ಮನ್ಯಾಗ ಮಾಡ್ತಾರ. ದೀಪ ತಪ್ಪಿಧಾಂಗ ಆಗ್ತಿರಲಿಲ್ಲ."

ಅಜ್ಜಿಯ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ.

"ನಿಮ್ಮನ್ನ ಕೇಳಬೇಕಂದ್ರ ಕಾಗದದ ಸುದ್ದಿ ಬಾಯಿಲೆ ಆಡಬೇಕಾಗ್ತಿತ್ತಲ್ರಿ. ಆಡಿದ್ರ ಕಿವಿಗೆ ಬಿದ್ಧಾಂಗs ಆತಲ್ಲ."

ಆಚಾರ್ಯರು ಲೋಟ ಎತ್ತಿ ಉಳಿದ ಕಾಫಿ ಮುಗಿಸಿದರು. ಅಪ್ಪ ಗೋಡೆ ನೋಡುತ್ತಿದ್ದರು. ಆಯಿ ಹೊಸ್ತಿಲ ಆಚೆ ನಿಂತು ಎಲ್ಲವನ್ನೂ ಕೇಳಿದಳು, ಖಾಲಿ ಲೋಟ ಎತ್ತಿಕೊಂಡು ಹೋದಳು. ತಾಯಿಗೆಂದು ಕುಟ್ಟಿದ ಹಿಂಡಿಯನ್ನು ಅಂದೇ ಊಟಕ್ಕೆ ನಮ್ಮ ತಾಟಿಗೆ ಬಡಿಸಿದಳು. ನುಣ್ಣಗೆ ಕುಟ್ಟಿದ್ದು. ನಾವೆಲ್ಲ ತಿಂದೆವು.

ದಸರೆಯ ಪ್ರಯಾಣ ನಿಂತುಹೋಯಿತು. ಇನ್ನು ಯಾರನ್ನು ನೋಡಲಿಕ್ಕೆ ಹೋಗುವುದು ಎಂದು ಆಯಿಯೇ ಅಂದಳು. ಪುಸ್ತಕದ ಕೆಲಸಕ್ಕೆ ಅವಳು ಇನ್ನು ಕೂಡುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಅಪ್ಪನೂ ಹಾಗೆಯೇ ಅಂದುಕೊಂಡಿದ್ದರೆಂದು ಕಾಣುತ್ತದೆ, ದೀಪಾವಳಿ ಕಳೆಯುವವರೆಗೆ ಆ ಮಾತೇ ಎತ್ತಲಿಲ್ಲ. ಕಡೆಗೆ ಒಂದು ಭಾನುವಾರ ಬಹಳ ಮೆತ್ತಗೆ ಕೇಳಿದರು. ಆಯಿ ಮೊರ ಹಿಡಿದು ಬಂದು ತನ್ನ ಜಾಗದಲ್ಲಿ ಕೂತಳು. ನಾನು ಪೆನ್ನು ತೆಗೆದೆ. ಅಪ್ಪನಿಗೆ ಎಷ್ಟು ಹಗುರಾಯಿತೆಂದರೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆಯಿ ತಡೆಯದೆ ಉತ್ತರ ಕೊಟ್ಟಳು. ಹಾಲಕ್ಕಿಗಳ ಸುಗ್ಗಿ ಕುಣಿತ ದೀಪಾವಳಿಗೆ ಎಂದಳು. ನನ್ನ ಪೆನ್ನು ನಿಂತಿತು. ಮೊದಲು ನನಗೆ ಹೋಳಿ ಹುಣ್ಣಿಮೆಗೆ ಎಂದು ಹೇಳಿದವಳು ಅವಳೇ. ಸಮುದ್ರಕ್ಕೆ ತೆಂಗಿನಕಾಯಿ ಬಿಡುವುದು ಯುಗಾದಿಗೆ ಎಂದಳು. ನಾನು ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾಕ ನಿಂತಿ? ಬರಿ."

ಬರೆದೆ. ಹಿಂದಿನ ಹಾಳೆಗಳಲ್ಲಿ ಅವಳು ಸರಿಯಾಗಿ ಹೇಳಿದ್ದನ್ನು ಅಪ್ಪನೇ ತಪ್ಪೆಂದು ಹೊಡೆದುಹಾಕಿಸಿದರು, ಆಗ ಮರೆತು ಹೇಳಿದ್ದೆ ಎಂದು ಆಯಿ ಅಂದಿದ್ದರಿಂದ. ಅಲ್ಲಿದ್ದ ಮೂರು ವರ್ಷ ಹಬ್ಬ ಹುಣ್ಣಿಮೆಗೆಲ್ಲ ಇಂಡಿಗೆ ಬಂದುಬಿಡುತ್ತಿದ್ದ ಅಪ್ಪ ಇವನ್ನು ಕಣ್ಣಾರೆ ಕಂಡವರಲ್ಲ. ನಾನು ಅವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮೊದಲ ಸಲ ಸುಮ್ಮನಿದ್ದು ಆಯಿಗೆ ದ್ರೋಹ ಮಾಡಿದ್ದೆ, ಈ ಸಲ ಸುಮ್ಮನಿದ್ದು ಅದನ್ನು ತೀರಿಸುತ್ತಿದ್ದೇನೆ ಎಂದು ನನ್ನ ಮಟ್ಟಿಗೆ ನಾನು ಅಂದುಕೊಂಡೆ. ತೀರುವಂಥದ್ದಲ್ಲ ಅದು.

ಕಡೆಯ ಹಾಳೆ ಸಾವಿನ ಸಂಸ್ಕಾರಗಳದ್ದು. ಅಪ್ಪ ಅದನ್ನು ಕೇಳಬೇಕೋ ಬೇಡವೋ ಎಂದು ಒದ್ದಾಡಿದರು. ಆಯಿಯೇ ಶುರು ಮಾಡಿದಳು. ಮೊರ ಕೇರುವುದನ್ನೂ ನಿಲ್ಲಿಸಲಿಲ್ಲ.

"ನಮ್ಮ ಕಡೆ ಒಂದು ಪದ್ಧತಿ ಅದ. ತಾಯಿ ಸತ್ತ ಸುದ್ದೀನ ಮದುವ್ಯಾದ ಮಗಳಿಗೆ ಹಬ್ಬ ಮುಗಿಯೋತನಕ ತಿಳಸೂದಿಲ್ಲ."

ಅಪ್ಪನ ಮುಖದ ಮೇಲೆ ಬಂದ ಬೆಳಕನ್ನು ನಾನು ಮರೆಯಲಾರೆ. ತಿಂಗಳುಗಟ್ಟಲೆ ಹೊತ್ತ ಭಾರವನ್ನು ಯಾರೋ ಇಳಿಸಿದಂತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಹೌದೇನು? ನಿಮ್ಮ ಕಡೇನೂ ಹಂಗs ಅದ? ಮತ್ತ ಮೊದಲs ಹೇಳಬಾರದಾ?"

"ನೀವು ಕೇಳಿರಲಿಲ್ಲ."

ಅದನ್ನು ಕ್ಷಮೆ ಎಂದು ಅವರು ತಿಳಿದರು. ಆ ಸಾಲನ್ನು ತಾವೇ ತಿದ್ದಿ ತೀಡಿ ಪುಸ್ತಕದ ಕನ್ನಡದಲ್ಲಿ ನನಗೆ ಹೇಳಿ ಬರೆಸಿದರು. 'ಈ ಭಾಗದ ಜನರಲ್ಲಿ, ತಾಯಿ ತೀರಿಕೊಂಡ ವಾರ್ತೆಯನ್ನು ವಿವಾಹಿತ ಮಗಳಿಗೆ ಹಬ್ಬವು ಮುಗಿಯುವವರೆಗೆ ತಿಳಿಸದಿರುವ ರೂಢಿಯಿದೆ.' ನನ್ನ ಮುತ್ತಿನಂಥ ಅಕ್ಷರದಲ್ಲಿ ಆ ಸಾಲು ಬಹಳ ಚೆಂದ ಕಂಡಿತು.

ಪುಸ್ತಕ ಅಚ್ಚಾಗಿ ಬರಲು ಮತ್ತೆ ಐದಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು, ನಾನು ಕಾಲೇಜು ಸೇರಿದ್ದೆ. ಒಂದು ಬೇಸಿಗೆಯಲ್ಲಿ ಅಪ್ಪ ಹೊಸ ಅಂಗಿ ತೊಟ್ಟು, ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಹಿಡಿದು, ನಮ್ಮಿಬ್ಬರನ್ನೂ ಕರೆದುಕೊಂಡು ಕೊನೆಗೂ ಕುಮಟೆಗೆ ಹೊರಟರು. ಆಯಿ ಬೇಡ ಅನ್ನಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು, ಘಟ್ಟ ಇಳಿಯುವಾಗ ಕಣ್ಣು ಮುಚ್ಚಿಕೊಂಡಳು. ದಾಮೋದರ ಮಾಮಾ ತಂಗಿಯನ್ನು ಅಪ್ಪಿಕೊಂಡು ಅತ್ತ, ಅಪ್ಪನಿಗೆ ಕೈ ಮುಗಿದ, ಮಣೆ ಹಾಕಿದ. ಒಳ್ಳೆಯ ಮನುಷ್ಯ. ಊಟವಾದ ಮೇಲೆ ನೆರೆಮನೆಯ ಇಬ್ಬರನ್ನು ಕರೆಸಿ, ಭಾವ ನಮ್ಮ ಜಿಲ್ಲೆಯ ಬಗ್ಗೆ ಪುಸ್ತಕ ಬರೆದಿದ್ದಾರೆ ಎಂದು ಜಗಲಿಯ ಮೇಲೆ ಕೂತು ದೊಡ್ಡದಾಗಿ ಓದಲು ಶುರು ಮಾಡಿದ. ನದಿಗಳಿಗೆ ಎಲ್ಲರೂ ತಲೆದೂಗಿದರು. ಹತ್ತಿಯ ಬಂದರಕ್ಕೆ ಭೇಷ್ ಅಂದರು. ಜನ ಎಂಬ ಭಾಗಕ್ಕೆ ಬಂದಾಗ ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಇನ್ನೊಬ್ಬರು ನಗು ತಡೆದರು. ಯುಗಾದಿಯ ತೆಂಗಿನಕಾಯಿಯನ್ನು ಮಾಮಾ ದಾಕ್ಷಿಣ್ಯಕ್ಕೆ ಬೇಗ ಓದಿ ದಾಟಿಸಿದ. ಅಪ್ಪ ಕೈಯಲ್ಲಿದ್ದ ಎಲೆ ಅಡಿಕೆ ಬಾಯಿಗಿಡದೆ ಕೂತಿದ್ದರು. ಕಡೆಯ ಹಾಳೆಗೆ ಬಂದಾಗ ಮಾಮಾನ ದನಿ ನಿಂತೇಬಿಟ್ಟಿತು. ಆ ಸಾಲನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡು ತಲೆ ಎತ್ತಿದ.

"ಭಾವಾ, ತಾಯಿ ಸತ್ತರೆ ಮಗಳಿಗೆ ಹೇಳದ ಪದ್ಧತಿ! ಇಂಥಾದ್ದು ಯಾವ ಊರಲ್ಲಿ ಉಂಟು? ಯಾರು ಹೇಳಿದ್ರು ನಿಮಗೆ?"

ಅಪ್ಪ ಆಯಿಯ ಕಡೆ ತಿರುಗಿದರು. ಆಯಿ ತನ್ನ ತವರಿನ ಅಡಿಗೆಮನೆಯ ಹೊಸ್ತಿಲ ಒಳಗೆ ನಿಂತಿದ್ದಳು. ಆ ಮನೆಯಲ್ಲಿ ಕಾಲಿಟ್ಟಾಗಿನಿಂದ ಕೊಂಕಣಿಯನ್ನೇ ಆಡುತ್ತಿದ್ದವಳು ಈಗ ನಮ್ಮ ಮಾತಿನಲ್ಲಿ ಹೇಳಿದಳು.

"ನಾನs ಹೇಳಿದ್ದು, ಅಣ್ಣಾ. ಇಂಡಿಯಾಗ ಅದ ಆ ಪದ್ಧತಿ. ನಮ್ಮನ್ಯಾಗs ಅದ. ನಿನ್ನ ಕಾಗದ ಅಮಾಸಿ ದಿನಾನs ಮುಟ್ಟಿತ್ತು."

ಮಾಮಾ ಪುಸ್ತಕ ಮುಚ್ಚಿ, ಅದನ್ನು ಅಪ್ಪನ ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಒಳಗೆ ಹೋದ. ಅಪ್ಪ ಆಮೇಲೆ ಬದುಕಿದಷ್ಟು ವರ್ಷವೂ ಒಂದು ಸಾಲು ಬರೆಯಲಿಲ್ಲ. ಉಳಿದ ಪ್ರತಿಗಳು ನಮ್ಮ ಮನೆಯ ಅಟ್ಟದ ಮೇಲೆ ಗೆದ್ದಲಿಗಾದವು. ನನ್ನ ಬಗ್ಗೆ ಹೇಳಬೇಕೆಂದರೆ, ಯಾವ ಕಾಗದ ಬಂದರೂ ನಾನು ನಿಂತ ನಿಲುವಿನಲ್ಲೇ ಒಡೆದು ಓದುತ್ತೇನೆ. ಸಾವಿನ ಸುದ್ದಿಯನ್ನು ಬಾಗಿಲಲ್ಲೇ ಹೇಳಿಬಿಡುತ್ತೇನೆ, ಹಬ್ಬವಿರಲಿ ಮದುವೆಯಿರಲಿ. ಒರಟು ಹೆಂಗಸೆಂದು ಹೆಸರು ಬಂದಿದೆ. ಬರಲಿ.

ಕುಮಟೆಯಲ್ಲಿ ಅಂದು ಸಂಜೆ ಆಯಿ ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದಳು. ಜೀವಮಾನದಲ್ಲಿ ಮೊದಲ ಸಲ ಅದನ್ನು ನೋಡುತ್ತಿದ್ದೆ, ಆದರೆ ನೋಡಲಾಗಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳಿದೆ.

"ಆಯಿ, ಅವತ್ತು ನಾ ಸುಳ್ಳು ಹೇಳಿದೆ. ನನಗ ಗೊತ್ತಿತ್ತು."

ಅವಳು ಸೆರಗಿನಿಂದ ಕಾಲಿನ ಮರಳು ಒರೆಸಿಕೊಳ್ಳುತ್ತಿದ್ದಳು.

"ಗೊತ್ತದ. ಒಂಬತ್ತು ದಿನ ನಾ ರಂಗೋಲಿ ಹಾಕುವಾಗ ನೀ ನನ್ನ ಮಾರಿ ನೋಡಿಲ್ಲ, ಗೂಡs ನೋಡ್ತಿದ್ದಿ. ಯಾಕ ಅಂತ ತಿಳೀಲಿಲ್ಲ ಆವಾಗ."

ಹೋಗಲಿ ಬಿಡು ಅನ್ನುತ್ತಾಳೆಂದು ಕಾದೆ. ಕತ್ತಲಾಗುವ ಮುಂಚೆ ಮನೆ ಸೇರಬೇಕೆಂದು ಅವಳು ಎದ್ದಳು. ನಾನು ಇನ್ನೂ ಕಾಯುತ್ತಿದ್ದೇನೆ.